ಹೂ ಬಿಡದ ಹೊನ್ನಿನ ಬಳ್ಳಿ

ವೈಶಾಖದ ಮಧ್ಯಾಹ್ನ. ಬಳ್ಳಾರಿಯ ಕೋಟೆಗುಡ್ಡದ ಬಂಡೆಗಳು ಕೆಂಡದಂತೆ ಕಾದಿರುತ್ತವೆ. ಅಂಗಳದ ತುಳಸಿಯೂ ತಲೆ ಬಾಗಿಸಿ ನಿಂತಿರುವಾಗ, ಅದೇ ಮನೆಯ ಕಿಟಕಿಯ ಒಳಗೆ, ಹಳೆಯ ಗಾಜಿನ ಬಾಟಲಿಯ ನೀರಿನಲ್ಲಿ ಒಂದು ಬಳ್ಳಿ ಮಾತ್ರ ಹಸಿರು ಎಲೆಗಳ ಮೇಲೆ ಹೊನ್ನಿನ ಗೀರು ಎಳೆದುಕೊಂಡು ಹಾಯಾಗಿರುತ್ತದೆ. ತುಂಗಭದ್ರಾ ಕಾಲುವೆಯ ನೀರು ಕಂಡ ಸಿರುಗುಪ್ಪದ ಪಡಸಾಲೆಗೂ, ಕುರುಗೋಡಿನ ಗುಡ್ಡದ ಬುಡದ ಮನೆಗೂ ಒಗ್ಗುವ ಈ ಬಳ್ಳಿಯೇ ಮನಿಪ್ಲಾಂಟ್.

ಹೆಸರಿಗೆ ತಕ್ಕಂತೆ ಒಂದು ನಂಬಿಕೆಯೂ ಇದೆ. ದುಡ್ಡು ಕೊಟ್ಟು ತಂದರೆ ಫಲವಿಲ್ಲ, ಇನ್ನೊಬ್ಬರ ಮನೆಯಿಂದ ಹೇಳದೆ ಚಿವುಟಿ ತಂದರಷ್ಟೇ ಲಕ್ಷ್ಮಿ ಒಲಿಯುತ್ತಾಳಂತೆ! ನಗು ಬರಿಸುವ ಮಾತು ನಿಜ. ಆದರೆ ಈ ಬಳ್ಳಿಯ ಚರಿತ್ರೆಯನ್ನು ನೋಡಿದರೆ ಅದರಲ್ಲಿ ಅರ್ಧ ಸತ್ಯವಿದೆ.

ಇದರ ತವರು ನಮ್ಮ ದೇಶವಲ್ಲ. ಪೆಸಿಫಿಕ್ ಸಾಗರದಲ್ಲಿ, ತಾಹಿತಿಯ ನೆರೆಯಲ್ಲಿರುವ ಮೊರೆಯಾ ಎಂಬ ಪುಟ್ಟ ದ್ವೀಪ. ಬೆಲ್ಜಿಯಂನಲ್ಲಿ ಸಸ್ಯ ವ್ಯಾಪಾರ ನಡೆಸುತ್ತಿದ್ದ ಲಿಂಡೆನ್ ಮತ್ತು ಫ್ರಾನ್ಸಿನ ಉದ್ಯಾನತಜ್ಞ ಆಂದ್ರೆ 1880ರಲ್ಲಿ ಇದಕ್ಕೆ 'ಪೋಥೋಸ್ ಆರಿಯಸ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ 'ಆರಿಯಸ್' ಎಂದರೆ ಚಿನ್ನದ ಬಣ್ಣದ್ದು. ಸಸ್ಯಗಳ ಕುಲ ಗುರುತಿಸಲು ಹೂವೇ ಮುಖ್ಯ ಆಧಾರ. ಈ ಬಳ್ಳಿಯೋ ಹೂವನ್ನೇ ಬಿಡದು! 1962ರಲ್ಲಿ ಒಂದು ಗಿಡ ಅಪರೂಪಕ್ಕೆ ಹೂ ಬಿಟ್ಟಾಗ ವಿಜ್ಞಾನಿಗಳು ಅದರ ಕುಲ ಬದಲಿಸಿದರು. 1964ರಲ್ಲಿ ಮತ್ತೆ ಬದಲಿಸಿ, 'ಎಪಿಪ್ರೆಮ್ನಮ್ ಆರಿಯಂ' ಎಂದು ಕರೆದರು. ಇಂದಿಗೂ ಅದೇ ಹೆಸರು.

ಹೂ ಏಕೆ ಬಿಡುವುದಿಲ್ಲ? 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರ ಕೊಟ್ಟಿತು. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಆ ಚೋದಕವನ್ನು ಸಿಂಪಡಿಸಿದಾಗ ಗಿಡ ಹೂ ಬಿಟ್ಟಿತು.

ಹೂವಿಲ್ಲವೆಂದರೆ ಬೀಜವಿಲ್ಲ. ಬೀಜವಿಲ್ಲದ ಗಿಡ ಗಾಳಿ, ಹಕ್ಕಿಗಳನ್ನು ನಂಬಿ ಊರೂರು ಸುತ್ತಲಾರದು. ಹಾಗಾದರೆ ಸಾಗರ ದಾಟಿ ಬಳ್ಳಾರಿಗೆ ಬಂದದ್ದು ಹೇಗೆ? ತುಂಡು ತುಂಡಾಗಿ, ಮನುಷ್ಯರ ಕೈಯಿಂದ ಕೈಗೆ. ನಿಮ್ಮ ಕಿಟಕಿಯ ಬಳ್ಳಿ ಯಾರದೋ ಬಳ್ಳಿಯ ತುಂಡು, ಅದು ಇನ್ನಾರದೋ ಬಳ್ಳಿಯ ತುಂಡು. ಕದ್ದದ್ದೋ, ಕೇಳಿ ತಂದದ್ದೋ, ಅಂತೂ ಇನ್ನೊಂದು ಮನೆಯ ಋಣವಿಲ್ಲದೆ ಇದು ಬೆಳೆಯದು.

ಬೆಳೆಸುವುದು ಸುಲಭ. ಗೆಣ್ಣಿನ ಕೆಳಗೆ ಕತ್ತರಿಸಿದ ತುಂಡನ್ನು ನೀರಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಗೆಣ್ಣಿಲ್ಲದ ಬರಿ ಎಲೆಯಿಂದ ಹೊಸ ಬಳ್ಳಿ ಹುಟ್ಟದು. ವಾರಕ್ಕೊಮ್ಮೆ ನೀರು ಬದಲಿಸಬೇಕು. ಕುಂಡದಲ್ಲಾದರೆ ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಅತಿ ನೀರಿನಿಂದ ಬೇರು ಕೊಳೆಯುತ್ತದೆ. ನಮ್ಮ ಸೀಮೆಯ ನೇರ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ತೀರಾ ಕತ್ತಲಲ್ಲಿಟ್ಟರೆ ಹೊನ್ನಿನ ಬಣ್ಣ ಮಾಯವಾಗಿ ಬರಿ ಹಸಿರು ಉಳಿಯುತ್ತದೆ. ಪೂರ್ವದ ಕಿಟಕಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಎರಡು ಎಚ್ಚರಿಕೆಗಳು ಅಗತ್ಯ. ಇದು ಕೆಸು, ಸುವರ್ಣಗೆಡ್ಡೆಗಳ ಬಳಗದ ಸಸ್ಯ. ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಕೂಸುಗಳಾಗಲಿ ಬೆಕ್ಕಾಗಲಿ ಕಡಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ, ಕೈಗೆಟುಕದಂತೆ ಇಡಬೇಕು. ಎರಡನೆಯದಾಗಿ, ಕತ್ತರಿಸಿದ ಬಳ್ಳಿಯನ್ನು ಕಾಲುವೆ ದಂಡೆಗೆ, ತೋಪಿಗೆ ಎಸೆಯಬಾರದು. ಶ್ರೀಲಂಕಾ, ಹವಾಯಿಗಳಂಥ ಕಡೆ ಮನೆಯಿಂದ ಹೊರಬಿದ್ದ ಇದೇ ಬಳ್ಳಿ ಮರಗಳನ್ನೇರಿ, ಸ್ಥಳೀಯ ಸಸ್ಯಗಳನ್ನು ಮುಚ್ಚಿಹಾಕುತ್ತಿದೆ.

ಮನಿಪ್ಲಾಂಟ್‌ನಿಂದ ಯಾರಿಗೆ ಎಷ್ಟು ಹಣ ಬಂತೋ ಹೇಳಲಾಗದು. ಆದರೆ ಬಾಗಿಲಿಗೆ ಬಂದವರು ಒಂದು ತುಂಡು ಕೇಳಿದರೆ ಇಲ್ಲವೆನ್ನಬೇಡಿ. ನಿಮ್ಮ ಮನೆಗೂ ಅದು ಹಾಗೆಯೇ ಬಂದದ್ದು.