ಮನೆಗೇ ಬಂದ ಶಾಲೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಎಂಬ ಸಣ್ಣ ಊರಿದೆ. ಫಾಕ್ಸ್ ಮತ್ತು ವಿಸ್ಕಾನ್ಸಿನ್ ನದಿಗಳು ಅಲ್ಲಿ ತೀರ ಹತ್ತಿರ ಬಂದು, ಕೂಡದೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹಿಂದೆ ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವವರು ದೋಣಿಯನ್ನೇ ಹೊತ್ತು ನಡುವಿನ ನೆಲ ದಾಟುತ್ತಿದ್ದರು. ಆ ಹೊರುವ ಕೆಲಸಕ್ಕಿದ್ದ ಫ್ರೆಂಚ್ ಪದವೇ ಊರಿನ ಹೆಸರಾಯಿತು. 1969ರ ನಂತರ ಅದು ಒಂದು ಶಿಕ್ಷಣ ಪದ್ಧತಿಯ ಹೆಸರೂ ಆಯಿತು.

ಅಮೆರಿಕದಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಮಗು ಹುಟ್ಟಿದರೆ ಸರ್ಕಾರಿ ಆಶ್ರಯಧಾಮಕ್ಕೆ ಒಪ್ಪಿಸಿ ಮರೆತುಬಿಡಿ ಎಂದು ವೈದ್ಯರೇ ಸಲಹೆ ಕೊಡುತ್ತಿದ್ದ ಕಾಲವೊಂದಿತ್ತು. 1967ರಲ್ಲಿ ಇಂಥ ಧಾಮಗಳಲ್ಲಿ ಸುಮಾರು 1,95,000 ಜನರಿದ್ದರು. ಆ ಸಂಖ್ಯೆ ಮುಟ್ಟಿದ ತುದಿ ಅದೇ. ಮುಂದೆ ಅದು ಇಳಿಯುತ್ತಲೇ ಹೋಯಿತು. ಮಗುವನ್ನು ಮನೆಯಲ್ಲೇ ಉಳಿಸಿಕೊಂಡವರಿಗೆ ಮಾತ್ರ ಹೇಳಿಕೊಡುವವರಿರಲಿಲ್ಲ. 1968ರಲ್ಲಿ ಅಮೆರಿಕದ ಸಂಸತ್ತು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಅಂಗವಿಕಲ ಮಕ್ಕಳಿಗಾಗಿ ಮಾದರಿ ಯೋಜನೆಗಳಿಗೆ ಹಣ ಕೊಡುವ ಕಾನೂನು ತಂದಿತು. ಆ ಹಣ ಪಡೆದ ಮೊದಲ ಯೋಜನೆಗಳಲ್ಲಿ ಪೋರ್ಟೇಜಿನದೂ ಒಂದು.

ಅಲ್ಲಿನ ತೊಡಕು ತತ್ವದ್ದಲ್ಲ, ದೂರದ್ದು. ಹೊಲಗದ್ದೆಗಳ ನಡುವಿನ ಹಳ್ಳಿಗಾಡು. ಹಸುಗೂಸಿನಿಂದ ಆರು ವರ್ಷದವರೆಗಿನ ಮಕ್ಕಳು, ಒಬ್ಬೊಬ್ಬರ ತೊಂದರೆ ಒಂದೊಂದು ಬಗೆ, ಒಂದೊಂದು ಮನೆ ಒಂದೊಂದು ದಿಕ್ಕಿಗೆ. ಇವರನ್ನೆಲ್ಲ ದಿನವೂ ಬಸ್ಸಿನಲ್ಲಿ ಒಂದೆಡೆ ತರುವುದು ಆಗದ ಮಾತು. ಹಾಗಾಗಿ ಮಗುವಿನ ಬದಲು ಶಿಕ್ಷಕಿಯೇ ಓಡಾಡುವುದೆಂದಾಯಿತು: ವಾರಕ್ಕೊಮ್ಮೆ, ಸುಮಾರು ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯಲ್ಲಿ ಕಲಿಯಬೇಕಾದವಳು ಮುಖ್ಯವಾಗಿ ತಾಯಿ. ಮಗು ಲೋಟ ಹಿಡಿದು ತಾನೇ ಕುಡಿಯಬೇಕು ಎಂಬುದು ಗುರಿ ಎಂದುಕೊಳ್ಳೋಣ. ಅದನ್ನು ಒಂದು ವಾರದಲ್ಲಿ ಕೈಗೂಡುವಷ್ಟು ಚಿಕ್ಕ ಮೆಟ್ಟಿಲುಗಳಾಗಿ ಒಡೆಯುತ್ತಾರೆ. ತಾಯಿ ಮಗುವಿನ ಕೈಯ ಮೇಲೆ ಕೈಯಿಟ್ಟು ಲೋಟ ಎತ್ತಿಸುವುದು ಈ ವಾರದ ಪಾಠ. ಮೊಣಕೈಯನ್ನು ಮಾತ್ರ ಆನಿಸುವುದು ಮುಂದಿನದು. ಶಿಕ್ಷಕಿ ಮೊದಲು ತಾನು ಮಾಡಿ ತೋರಿಸುತ್ತಾಳೆ, ಆಮೇಲೆ ತನ್ನೆದುರೇ ತಾಯಿಯಿಂದ ಮಾಡಿಸುತ್ತಾಳೆ, ದಿನವೂ ಗುರುತು ಹಾಕಲು ಒಂದು ಹಾಳೆ ಬಿಟ್ಟುಹೋಗುತ್ತಾಳೆ. ಮರುವಾರ ಗುರಿ ಮುಟ್ಟಿರದಿದ್ದರೆ ದಡ್ಡತನ ಮಗುವಿನದಲ್ಲ, ಮೆಟ್ಟಿಲು ಎತ್ತರವಾಯಿತು ಎಂದರ್ಥ. ಹೀಗೆ ಪಟ್ಟಿ ಮಾಡಿದ ಕೌಶಲಗಳು 580. ನಡಿಗೆ, ಮಾತು, ಊಟ, ಬಟ್ಟೆ, ಬೆರೆಯುವಿಕೆ ಎಲ್ಲ ಅದರಲ್ಲಿದ್ದವು.

ಕಟ್ಟಡ ಬೇಡ, ದುಬಾರಿ ಉಪಕರಣ ಬೇಡ. ಹಾಗಾಗಿ ಪದ್ಧತಿ ಬೇಗ ಹಬ್ಬಿತು. 1975ರಲ್ಲಿ ಜಮೈಕಾದಲ್ಲಿ ವೈದ್ಯೆ ಮಾರಿಗೋಲ್ಡ್ ಥಾರ್ಬರ್ನ್ ಪದವಿಯಿಲ್ಲದ ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವ ಯೋಜನೆ ಆರಂಭಿಸಿದರು. ಮರುವರ್ಷ ಇಂಗ್ಲೆಂಡ್, ವೇಲ್ಸ್. ಭಾರತದಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ತೆಹಲ್ ಕೋಹ್ಲಿ ಇದನ್ನು ಇಲ್ಲಿನ ಮನೆಗಳಿಗೆ ಒಗ್ಗಿಸಿದರು.

ಟೀಕೆಯೂ ಬಂತು. ಅಡುಗೆ, ಹೊಲ, ಉಳಿದ ಮಕ್ಕಳು ಇವೆಲ್ಲದರ ಮೇಲೆ ತಾಯಿಗೆ ಶಿಕ್ಷಕಿಯ ಕೆಲಸವೂ ಬಿತ್ತು. ಗುರುತು ಹಾಕದ ಹಾಳೆ ಅವಳನ್ನು ಅಪರಾಧಿಯಂತೆ ನೋಡತೊಡಗಿತು. ಮಡಿಲು ಮಡಿಲಾಗಿರಬೇಕೋ ತರಗತಿಯಾಗಬೇಕೋ? ಈ ಪ್ರಶ್ನೆ ಪದ್ಧತಿಯನ್ನು ಮೆತ್ತಗಾಗಿಸಿತು: ಪಟ್ಟಿಗಿಂತ ಆಟಕ್ಕೆ, ತಜ್ಞರ ಗುರಿಗಿಂತ ಮನೆಯವರ ಬಯಕೆಗೆ ಹೆಚ್ಚು ಜಾಗ ಸಿಕ್ಕಿತು.

ಇನ್ನೊಂದು ಪ್ರಶ್ನೆ ಹಾಗೇ ಉಳಿದಿದೆ. ಪೋರ್ಟೇಜ್ ಪಟ್ಟಿ ಆರನೆಯ ವಯಸ್ಸಿಗೆ ಮುಗಿಯುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅಂಗವೈಕಲ್ಯ ಶೇ. 40ಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಹದಿನೆಂಟರ ನಂತರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ಆದರೆ ಇಪ್ಪತ್ತೈದರ ಮಗನಿಗೆ ಒಬ್ಬನೇ ಬಸ್ಸು ಹತ್ತುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಲು ವಾರಕ್ಕೊಮ್ಮೆ ಬಾಗಿಲು ತಟ್ಟುವವರು ಅಪರೂಪ. ಆ ವೇಳೆಗೆ ವಯಸ್ಸಾಗುತ್ತ ಬಂದಿರುವ ತಾಯಿ ಕಲಿಸುವುದನ್ನು ನಿಲ್ಲಿಸಿರುವುದಿಲ್ಲ. ಅವಳು ಹುಡುಕುತ್ತಿರುವುದು ತನ್ನ ನಂತರ ಕಲಿಸುವವರನ್ನು.