ಬಾಣಂತನಕ್ಕೆ ಅಮೆರಿಕಕ್ಕೆ ಆರು ತಿಂಗಳು: ಹೊರಡುವ ಮುನ್ನ ಗದಗ ಜಿಲ್ಲೆಯ ಪಾಲಕರು ತಿಳಿಯಬೇಕಾದ ವೀಸಾ, ಖರ್ಚಿನ ಲೆಕ್ಕ

ಗದಗ: "ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೋಗಬೇಕ್ರಿ, ಏನೇನ್ ಕಾಗದ ಬೇಕು, ಎಷ್ಟ ಖರ್ಚ ಬರತೈತಿ?" ಗದಗ-ಬೆಟಗೇರಿಯಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲೂ ಈಗ ಇದು ಹೊಸ ಪ್ರಶ್ನೆಯಲ್ಲ. ಎಂಜಿನಿಯರಿಂಗ್ ಓದಿ ಹೋದ ಮಕ್ಕಳು ಅಲ್ಲೇ ಸಂಸಾರ ಹೂಡಿದ್ದಾರೆ. ಹೆರಿಗೆ ಹತ್ತಿರ ಬಂದಾಗ ಅಪ್ಪ-ಅವ್ವ ಬೇಕು. ಟಿಕೆಟ್ ಮಗಳು-ಅಳಿಯ ತೆಗೆಸುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ನಿಜಕ್ಕೂ ಪೆಟ್ಟು ಬೀಳುವುದು ಎರಡು ಕಡೆ: ವೀಸಾದ ಅವಧಿಯನ್ನೇ ಇರುವ ಅವಧಿ ಎಂದು ತಿಳಿಯುವುದು, ಮತ್ತು ಕಾಯಿಲೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯದೇ ಇರುವುದು.

ಮೊದಲು ಪಾಸ್‌ಪೋರ್ಟ್, ಅದಕ್ಕೂ ಮೊದಲು ಹೆಸರು

ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂ. ತತ್ಕಾಲ್ ಆದರೆ ಇನ್ನೂ 2,000 ರೂ. ಹೆಚ್ಚು. 60 ವರ್ಷ ದಾಟಿದವರಿಗೆ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ಶೇ 10 ರಿಯಾಯಿತಿ ಇದೆ. ಪೊಲೀಸ್ ಪರಿಶೀಲನೆ ನಡೆಯುವುದು ಊರಿನ ಠಾಣೆಯಿಂದ.

ಹಿರಿಯರ ಬಳಿ ಜನನ ಪ್ರಮಾಣಪತ್ರ ಇರುವುದು ಅಪರೂಪ. ಅವರಿಗೆ ಶಾಲೆ ಬಿಟ್ಟ ದಾಖಲೆ, ಪ್ಯಾನ್ ಕಾರ್ಡ್, ಮತದಾರರ ಚೀಟಿ, ಎಲ್‌ಐಸಿ ಬಾಂಡ್, ಪಿಂಚಣಿ ಆದೇಶ ಇಂಥವು ಹುಟ್ಟಿದ ದಿನಾಂಕಕ್ಕೆ ಆಧಾರವಾಗುತ್ತವೆ. ತೊಡಕು ಬರುವುದು ಹೆಸರಿನಲ್ಲಿ. ಶಾಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನಲ್ಲಿ ಬರೀ ಇನಿಶಿಯಲ್ ಇದ್ದರೆ ಮೊದಲು ಅವೆಲ್ಲ ಒಂದೇ ರೀತಿ ಆಗಬೇಕು. ಮನೆತನದ ಹೆಸರಿನ ಕಾಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಎಂದು ಮುದ್ರಣವಾಗುತ್ತದೆ. ಹಾಗೆಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಪ್ರಯಾಣಕ್ಕೆ ಅದು ಅಡ್ಡಿಯಲ್ಲ, ಆದರೆ ಟಿಕೆಟ್, ವಿಮೆ ಮಾಡಿಸುವಾಗ ಪ್ರತಿ ಸಲ ಗೊಂದಲ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಕಾಲಂ ತುಂಬಿಸುವುದು ಒಳ್ಳೇದು.

ವೀಸಾ ಯಾವುದು, ಎಲ್ಲಿ?

ಮಕ್ಕಳ ಮನೆಗೆ ಹೋಗುವವರಿಗೆ ಬೇಕಾದದ್ದು ಬಿ1/ಬಿ2 ಸಂದರ್ಶಕ ವೀಸಾ. 2023ರ ಜೂನ್‌ನಿಂದ ಇದರ ಅರ್ಜಿ ಶುಲ್ಕ ಒಬ್ಬರಿಗೆ 185 ಡಾಲರ್. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಇದಲ್ಲದೆ 250 ಡಾಲರ್‌ಗಳ ಹೆಚ್ಚುವರಿ ಶುಲ್ಕಕ್ಕೆ ಅವಕಾಶ ಕೊಡುವ ಕಾನೂನಿಗೆ 2025ರ ಜುಲೈ 4ರಂದು ಅಲ್ಲಿನ ಅಧ್ಯಕ್ಷರ ಸಹಿ ಬಿದ್ದಿದೆ. ಅರ್ಜಿ ಹಾಕುವ ದಿನ ಅದು ಜಾರಿಯಲ್ಲಿದೆಯೇ ಎಂದು ನೋಡಿಕೊಂಡು ಲೆಕ್ಕ ಹಾಕಬೇಕು.

ಕ್ರಮ ಹೀಗಿದೆ:

1. ಡಿಎಸ್-160 ಎಂಬ ಆನ್‌ಲೈನ್ ಅರ್ಜಿ. ಬಿಳಿ ಹಿನ್ನೆಲೆಯ 2x2 ಇಂಚಿನ ಫೋಟೊ, ಕನ್ನಡಕ ತೆಗೆದಿರಬೇಕು. ಹಿಂದಿನ 5 ವರ್ಷದಲ್ಲಿ ಬಳಸಿದ ಸೋಶಿಯಲ್ ಮೀಡಿಯಾ ಖಾತೆಗಳ ವಿವರವನ್ನೂ ಕೇಳುತ್ತಾರೆ.
2. ಶುಲ್ಕ ಕಟ್ಟಿ ಎರಡು ಅಪಾಯಿಂಟ್‌ಮೆಂಟ್ ಪಡೆಯುವುದು: ಒಂದು ಬೆರಳಚ್ಚು-ಫೋಟೊಗೆ, ಇನ್ನೊಂದು ಸಂದರ್ಶನಕ್ಕೆ.
3. ಸಂದರ್ಶನ ಮುಗಿದು ಮಂಜೂರಾದರೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೆಲವು ದಿನಗಳ ನಂತರ ಕೈಸೇರುತ್ತದೆ.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ಶುರುವಿನಲ್ಲಿ ಅಲ್ಲಿ ವೀಸಾ ಕೆಲಸ ಇರಲಿಲ್ಲ. ನಮ್ಮವರು ಹೋಗುತ್ತ ಬಂದಿರುವುದು ಹೈದರಾಬಾದ್, ಮುಂಬೈ ಅಥವಾ ಚೆನ್ನೈಗೆ. ಗದಗದಿಂದ ಹೈದರಾಬಾದ್, ಮುಂಬೈಗೆ ರೈಲು ಇರುವುದರಿಂದ ಆ ಎರಡು ಅನುಕೂಲ. ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ ಇರುವುದೇ ಹೆಚ್ಚು. ಹೋಗಿ ಬರುವುದು ಸೇರಿ ನಾಲ್ಕು ದಿನ, ಎರಡು ರಾತ್ರಿಯ ವಸತಿ ಹಿಡಿಯಬೇಕು.

ಅಪಾಯಿಂಟ್‌ಮೆಂಟ್ ಕಾಯುವ ಕಾಲ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬಸುರಿ ಎಂಬ ಸುದ್ದಿ ಬಂದ ಮೇಲೆ ಪಾಸ್‌ಪೋರ್ಟಿಗೆ ಓಡಾಡಲು ಶುರು ಮಾಡಿದರೆ ತೊಟ್ಟಿಲ ಕಾರ್ಯಕ್ಕೂ ಮುಟ್ಟುವುದು ಕಷ್ಟ. ಮಕ್ಕಳ ಮದುವೆಯಾದ ವರ್ಷವೇ ಪಾಸ್‌ಪೋರ್ಟ್, ವೀಸಾ ಎರಡೂ ಮಾಡಿಸಿಟ್ಟವರು ನಿಶ್ಚಿಂತೆಯಾಗಿರುತ್ತಾರೆ. ಭಾರತೀಯರಿಗೆ ಈ ವೀಸಾ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ. ನಡುವೆ ಪಾಸ್‌ಪೋರ್ಟ್ ಮುಗಿದರೂ ವೀಸಾ ಕೆಡುವುದಿಲ್ಲ. ಹಳೇದು, ಹೊಸದು ಎರಡನ್ನೂ ಜೊತೆಗೆ ಒಯ್ಯಬೇಕು.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಎರಡು-ಮೂರು ನಿಮಿಷದ ಮಾತು. ಯಾಕೆ ಹೋಗುತ್ತೀರಿ, ಎಷ್ಟು ದಿನ, ಖರ್ಚು ಯಾರದು, ಮಕ್ಕಳು ಅಲ್ಲಿ ಏನು ಮಾಡುತ್ತಾರೆ, ಇಲ್ಲಿ ನಿಮಗೆ ಏನಿದೆ. ಇಂಗ್ಲಿಷ್ ಬರದಿದ್ದರೆ ಹೆದರಬೇಕಿಲ್ಲ, ಭಾರತೀಯ ಭಾಷೆಗಳಲ್ಲೂ ಸಂದರ್ಶನ ನಡೆಯುತ್ತದೆ. ಯಾವ ಊರಿನಲ್ಲಿ ಕನ್ನಡ ಸಿಗುತ್ತದೆ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ನೋಡಬೇಕು.

ಅಮೆರಿಕದ ಕಾನೂನಿನ 214(ಬಿ) ಕಲಂ ಪ್ರಕಾರ, ಅರ್ಜಿ ಹಾಕಿದವರು ಅಲ್ಲೇ ಉಳಿಯಲು ಹೊರಟವರು ಎಂದೇ ಅಧಿಕಾರಿ ಮೊದಲು ಭಾವಿಸುತ್ತಾರೆ. ತಿರುಗಿ ಬರುತ್ತೇವೆ ಎಂದು ತೋರಿಸುವ ಹೊಣೆ ನಮ್ಮದು. ಹೊಲದ ಉತಾರ, ಮನೆಯ ಕಾಗದ, ಪಿಂಚಣಿ ಪುಸ್ತಕ, ಅಂಗಡಿ ಅಥವಾ ಮಗ್ಗದ ಲೈಸೆನ್ಸ್, ಇಲ್ಲೇ ಇರುವ ಇನ್ನೊಬ್ಬ ಮಗ, ವಯಸ್ಸಾದ ಅತ್ತೆ ಇವೆಲ್ಲ ಹಿಂದಿರುಗಲು ಕಾರಣಗಳೇ. ಕಾಗದ ಎಲ್ಲ ಒಯ್ಯಬೇಕು, ಆದರೆ ಬಹಳ ಸಲ ಕೇಳುವುದೇ ಇಲ್ಲ. ಮಾತಿನ ಮೇಲೆಯೇ ತೀರ್ಮಾನ. ಮಕ್ಕಳ ಆಮಂತ್ರಣ ಪತ್ರ ಕಡ್ಡಾಯವಲ್ಲ.

ಇಲ್ಲಿ ಎರಡು ತಪ್ಪು ಮಾಡಬಾರದು. ಒಂದು, ಸಂದರ್ಶನದ ಹಿಂದಿನ ವಾರ ಸಾಲ ತಂದು ಖಾತೆ ತುಂಬಿಸುವುದು. ತಿಂಗಳಿಗೆ 20 ಸಾವಿರ ಪಿಂಚಣಿ ಬರುವ ಖಾತೆಯಲ್ಲಿ ಒಮ್ಮೆಲೇ 10 ಲಕ್ಷ ಕಂಡರೆ ಅನುಮಾನ ಹೆಚ್ಚುತ್ತದೆ. ಖರ್ಚು ಮಗಳು-ಅಳಿಯನದು ಎಂದು ನೇರವಾಗಿ ಹೇಳಿದರೆ ಸಾಕು. ಎರಡು, ಸುಳ್ಳು. "ಬಾಣಂತನ ಅಂದ್ರ ಕೊಡಂಗಿಲ್ಲ, ಟೂರ್ ಅನ್ರಿ" ಎಂದು ಕಲಿಸುವ ಏಜೆಂಟರಿದ್ದಾರೆ. ಮಗಳ ಹೆರಿಗೆ, ಮೊಮ್ಮಗುವನ್ನು ನೋಡಲು ಹೋಗುತ್ತಿದ್ದೇವೆ ಎನ್ನುವುದರಲ್ಲಿ ತಪ್ಪಿಲ್ಲ. ಈ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ ಅಷ್ಟೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವಮಾನವಿಡೀ ವೀಸಾ ಸಿಗದಂತೆ ಆಗಬಹುದು. ಬರೀ 214(ಬಿ) ಅಡಿ ನಿರಾಕರಣೆಯಾದರೆ ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು.

ವೀಸಾ 10 ವರ್ಷ, ಇರುವುದು ಎಷ್ಟು ದಿನ?

ಎಲ್ಲಕ್ಕಿಂತ ಮುಖ್ಯ ಇದು. ವೀಸಾ ಅಂದರೆ ಬಾಗಿಲಿಗೆ ಹೋಗುವ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆಯನ್ನೂ ಕೊಡಬಹುದು. ಇಳಿದ ವಾರದಲ್ಲೇ ಮಕ್ಕಳಿಂದ ಆನ್‌ಲೈನ್‌ನಲ್ಲಿ ಅದನ್ನು ತೆಗೆಸಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಬೇಕು.

ಆ ದಿನ ದಾಟಿದರೆ 10 ವರ್ಷದ ವೀಸಾ ತಾನಾಗಿಯೇ ರದ್ದು. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ 10 ವರ್ಷ ಪ್ರವೇಶ ಬಂದ್. ಅವಧಿ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಿ ವಿಸ್ತರಣೆ ಕೇಳಬಹುದು. ಅದು ಆಸ್ಪತ್ರೆಯಂಥ ಗಟ್ಟಿ ಕಾರಣಕ್ಕೆ ಇರಲಿ. ಕೂಸಿನ ಸಲುವಾಗಿ ವರ್ಷ ಪೂರ್ತಿ ಆಸರೆ ಬೇಕಿದ್ದರೆ ಅನೇಕ ಮನೆಗಳು ಮಾಡುವ ಹಾಗೆ ಮೊದಲ ಆರು ತಿಂಗಳು ತವರಿನವರು, ಮುಂದಿನ ಆರು ತಿಂಗಳು ಬೀಗರು ಹೋಗುವುದು ಸರಳ ದಾರಿ. ಬಂದ ಕೂಡಲೇ ಮತ್ತೆ ಆರು ತಿಂಗಳಿಗೆ ಹೊರಟರೆ ನಿಲ್ದಾಣದಲ್ಲೇ ಪ್ರಶ್ನೆ ಏಳುತ್ತದೆ.

ಹಂಗಾಮು ನೋಡಿ ದಿನ ಗೊತ್ತು ಮಾಡುವುದು

ಡಿಸೆಂಬರ್ ಮಧ್ಯಕ್ಕೆ ಹೆರಿಗೆ ಎಂದಿಟ್ಟುಕೊಳ್ಳೋಣ. ನವೆಂಬರ್ ಮಧ್ಯಕ್ಕೆ ಹೊರಟರೆ ಐ-94 ಹೆಚ್ಚೂ ಕಡಿಮೆ ಮೇ ಮಧ್ಯಕ್ಕೆ ಮುಗಿಯುತ್ತದೆ. ಮೇ ಮೊದಲ ವಾರದ ಟಿಕೆಟ್ ತೆಗೆದರೆ ಮುಂಗಾರಿ ಬಿತ್ತನೆಗೆ ಊರಿನಲ್ಲಿ ಇರಬಹುದು. ಆದರೆ ಕಡಲೆ ಕಟಾವು ತಪ್ಪುತ್ತದೆ. ಅದನ್ನು ಯಾರು ನೋಡುತ್ತಾರೆ, ಆಳಿನ ಕೂಲಿ ಯಾರ ಕೈಯಲ್ಲಿ ಕೊಡಬೇಕು ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಬೇಕು. ಪಿಂಚಣಿದಾರರು ನವೆಂಬರ್‌ನ ಜೀವನ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಕೊಟ್ಟು ಹೋಗಬೇಕು.

ಇಬ್ಬರಿಗೆ ಖರ್ಚಿನ ಪಟ್ಟಿ

- ಪಾಸ್‌ಪೋರ್ಟ್: 3,000 ರೂ.
- ವೀಸಾ ಶುಲ್ಕ: 370 ಡಾಲರ್. ಡಾಲರಿಗೆ 90 ರೂ. ಹಿಡಿದರೆ 33,300 ರೂ.
- ಸಂದರ್ಶನದ ಪ್ರಯಾಣ, ವಸತಿ, ಊಟ.
- ವಿಮಾನ: ಹೋಗಿ ಬರಲು ಒಬ್ಬರಿಗೆ 1 ಲಕ್ಷದಿಂದ 1.5 ಲಕ್ಷದ ಆಸುಪಾಸು. ವೀಸಾ ಕೈಗೆ ಬರುವವರೆಗೆ ಟಿಕೆಟ್ ಬೇಡ. ದಿನಾಂಕ ಬದಲಿಸಲು ಅವಕಾಶ ಇರುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ಲೇಸು.
- ಆರೋಗ್ಯ ವಿಮೆ: ಇರುವಷ್ಟೂ ದಿನಕ್ಕೆ.
- ಔಷಧಿ, ಕನ್ನಡಕ, ಹಲ್ಲಿನ ಕೆಲಸ: ಇಲ್ಲೇ ಮುಗಿಸಬೇಕು.
- ಊರಿನ ಖರ್ಚು: ಹೆಸ್ಕಾಂ ಬಿಲ್, ನೀರಿನ ಕರ, ಎಲ್‌ಐಸಿ ಕಂತು, ಹೊಲದ ಕೂಲಿ.
- ತುರ್ತು ದುಡ್ಡು: ಊರಿಂದ ಕೆಟ್ಟ ಸುದ್ದಿ ಬಂದರೆ ಕೂಡಲೇ ಮರಳಲು ಒಂದು ಟಿಕೆಟ್‌ನಷ್ಟು.

ಡಾಲರ್ ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ ಒಬ್ಬರಿಗೆ 3,000 ಡಾಲರ್‌ವರೆಗೆ ಮಾತ್ರ ಸಿಗುತ್ತದೆ, ಉಳಿದದ್ದು ಕಾರ್ಡಿನಲ್ಲಿ. 2025ರ ಏಪ್ರಿಲ್ 1ರಿಂದ, ಬ್ಯಾಂಕಿನ ಮೂಲಕ ವರ್ಷಕ್ಕೆ 10 ಲಕ್ಷ ರೂ. ಒಳಗೆ ವಿದೇಶಕ್ಕೆ ಕಳಿಸುವ ಹಣಕ್ಕೆ ಟಿಸಿಎಸ್ ಕಡಿತ ಇಲ್ಲ.

ಉಳಿತಾಯ ಮಾಡಬಾರದ ಬಾಬ್ತು: ವಿಮೆ

ಅಲ್ಲಿ ಸಂದರ್ಶಕರಿಗೆ ಸರಕಾರಿ ಆರೋಗ್ಯ ಸೌಲಭ್ಯ ಇಲ್ಲ. ಮಕ್ಕಳ ಕಂಪನಿಯ ವಿಮೆಯಲ್ಲಿ ಅಪ್ಪ-ಅವ್ವ ಸಾಮಾನ್ಯವಾಗಿ ಬರುವುದಿಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದರೂ, ಎದೆನೋವು ಬಂದರೂ ಬಿಲ್ಲು ಹೊಲ ಮಾರಿದರೂ ತೀರದಷ್ಟು ಬೆಳೆಯಬಹುದು. ಪಾಲಿಸಿ ತೆಗೆದುಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಮೊದಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆಗೆ ಕವರ್ ಇದೆಯೇ, ಇದ್ದರೆ ಯಾವಾಗ? ಒಂದೊಂದು ಚಿಕಿತ್ಸೆಗೆ ಇಂತಿಷ್ಟೇ ಎಂಬ ಮಿತಿ ಇದೆಯೇ? ಕೈಯಿಂದ ಮೊದಲು ಎಷ್ಟು ಕಟ್ಟಬೇಕು? ಬಹಳಷ್ಟು ಪಾಲಿಸಿಗಳು ಹಳೆಯ ಕಾಯಿಲೆಯನ್ನು ಹೊರಗಿಟ್ಟಿರುತ್ತವೆ ಅಥವಾ ಅದು ದಿಢೀರ್ ಉಲ್ಬಣಿಸಿದಾಗ ಮಾತ್ರ ಕೊಡುತ್ತವೆ. ವಯಸ್ಸು 70 ದಾಟಿದರೆ ಮಿತಿ ಇನ್ನೂ ಕಡಿಮೆ. ಕಾಯಿಲೆ ಮುಚ್ಚಿಟ್ಟು ಮಾಡಿಸಿದ ವಿಮೆ ಬೇಕಾದಾಗ ಕೈಕೊಡುತ್ತದೆ.

ಗುಳಿಗೆಗಳನ್ನು ಮೂಲ ಪ್ಯಾಕಿನಲ್ಲೇ, ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿಗೆ ಒಯ್ಯಬೇಕು. ಸ್ವಂತ ಬಳಕೆಗೆ 90 ದಿನದಷ್ಟು ಎಂಬುದು ಅಲ್ಲಿನ ಸಾಮಾನ್ಯ ಸೂಚನೆ. ಹೆಚ್ಚು ಬೇಕಿದ್ದರೆ ಎಷ್ಟು ದಿನ ಇರುತ್ತೀರಿ, ಯಾಕೆ ಬೇಕು ಎಂಬ ಡಾಕ್ಟರ ಪತ್ರ ಜೊತೆಗಿರಲಿ.

ಚೀಲದಲ್ಲಿ ಏನು?

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಪುಡಿ ಒಯ್ಯಬಹುದು. ಅಕ್ಕಿ, ಕಡಲೆಯಂಥ ಕಾಳು, ಬಿತ್ತನೆ ಬೀಜ, ಹಸಿ ಹಣ್ಣು, ಸಸಿ, ಮಾಂಸ ಬೇಡ. ಯಾವ ತಿನಿಸಿದ್ದರೂ ಕಸ್ಟಮ್ಸ್‌ನಲ್ಲಿ "ಇದೆ" ಎಂದು ಹೇಳಬೇಕು. ಹೇಳಿದ್ದನ್ನು ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಬೇರೆ ದೇಶವಾದರೆ

- ಬ್ರಿಟನ್: ಸಂದರ್ಶಕ ವೀಸಾದಲ್ಲಿ ಒಂದು ಸಲಕ್ಕೆ ಗರಿಷ್ಠ 6 ತಿಂಗಳು.
- ಕೆನಡಾ: ಅಲ್ಲಿನ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಇರುವವರ ಅಪ್ಪ-ಅವ್ವನಿಗೆ 'ಸೂಪರ್ ವೀಸಾ' ಇದೆ. ಒಂದು ಸಲಕ್ಕೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರ್‌ನ, ಒಂದು ವರ್ಷದ ಆರೋಗ್ಯ ವಿಮೆ ಕಡ್ಡಾಯ.
- ಜರ್ಮನಿ, ನೆದರ್‌ಲ್ಯಾಂಡ್ಸ್ ಮುಂತಾದ ಷೆಂಗೆನ್ ದೇಶಗಳು: 180 ದಿನದಲ್ಲಿ 90 ದಿನ ಮಾತ್ರ. ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ.

ಬೀಗ ಹಾಕುವ ಮುನ್ನ

ಬ್ಯಾಂಕ್ ಓಟಿಪಿ ಬರಲು ಮೊಬೈಲ್ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಆರು ತಿಂಗಳು ರೀಚಾರ್ಜ್ ತಪ್ಪದಂತೆ ನೋಡಬೇಕು. ಬಂಗಾರ ಲಾಕರಿನಲ್ಲಿ, ಹೊಲ-ಮನೆಯ ಕಾಗದದ ಒಂದು ಪ್ರತಿ ನಂಬಿಕಸ್ತರ ಹತ್ತಿರ ಇರಲಿ. ಮನೆ ಖಾಲಿ ಇರುವ ವಿಷಯ ಠಾಣೆಗೂ, ಬಾಜೂ ಮನೆಯವರಿಗೂ ಗೊತ್ತಿರಲಿ. ಪಾಸ್‌ಪೋರ್ಟ್, ವೀಸಾ, ವಿಮೆ, ಮಕ್ಕಳ ವಿಳಾಸ-ಫೋನ್ ನಂಬರ್ ಬರೆದ ಹಾಳೆ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಅಲ್ಲ. ಅದರ ಜೊತೆಗೆ ವಾಪಸ್ ಬರುವ ದಿನಾಂಕವೂ ಬಾಯಿಪಾಠ ಇರಲಿ. ಅಲ್ಲಿನ ಅಧಿಕಾರಿ ಮೊದಲು ಕೇಳುವುದು ಅದನ್ನೇ.