ಗುಲಾಬಿಯ ಸೀನು, ಹತ್ತಿಯ ದಮ್ಮು

ವಸಂತ ಬಂದು ಗುಲಾಬಿ ಅರಳಿತೆಂದರೆ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರಿಗೆ ನೆಗಡಿ ಹಿಡಿಯುತ್ತಿತ್ತು. ಇದೇಕೆ ಹೀಗೆ ಎಂಬುದರ ಬಗ್ಗೆಯೇ ವೈದ್ಯ ಅಲ್ ರಾಝಿ (865-925) ಒಂದು ಪುಟ್ಟ ಪ್ರಬಂಧ ಬರೆದರು. ಹೂವಿಗೂ ನೆಗಡಿಗೂ ಇರುವ ನಂಟನ್ನು ಗುರುತಿಸಿದ ಬಹು ಹಳೆಯ ಬರಹಗಳಲ್ಲಿ ಅದೂ ಒಂದು. ‘ಅಲರ್ಜಿ’ ಎಂಬ ಹೆಸರು ಹುಟ್ಟಿದ್ದು ಬಹಳ ತಡವಾಗಿ, 1906ರಲ್ಲಿ. ಅದನ್ನು ಕೊಟ್ಟವರು ವಿಯೆನ್ನಾದ ಕ್ಲೆಮೆನ್ಸ್ ಫೋನ್ ಪಿರ್ಕೆ.

ಪರಾಗ, ಹಾಸಿಗೆಯ ನುಸಿಯಂಥ ನಿರುಪದ್ರವಿ ವಸ್ತುಗಳನ್ನು ಕೆಲವರ ದೇಹ ಶತ್ರುವೆಂದು ಬಗೆಯುತ್ತದೆ. ಆ ಕಾದಾಟ ಮೂಗಿನಲ್ಲಿ ನಡೆದರೆ ಸೀನು. ಶ್ವಾಸನಾಳ ಊದಿ ಬಿಗಿದುಕೊಂಡರೆ ಅಸ್ತಮಾ, ಅಂದರೆ ದಮ್ಮು. ಅಸ್ತಮಾ ಇರುವವರಲ್ಲಿ ಬಹುತೇಕರಿಗೆ ಮೂಗಿನ ತೊಂದರೆಯೂ ಇರುತ್ತದೆ. ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಬಾಲ್ಯದಲ್ಲಿ ಗಂಡುಮಕ್ಕಳನ್ನು, ಪ್ರಾಯ ಬಂದ ಮೇಲೆ ಹೆಂಗಸರನ್ನು ಇದು ಹೆಚ್ಚಾಗಿ ಕಾಡುತ್ತದೆ.

ಆದರೆ ಮಹಾಲಿಂಗಪುರದಂಥ ಊರಿನ ಕಥೆ ಹೇಳಲು ಗುಲಾಬಿಯೊಂದೇ ಸಾಲದು. ಇಲ್ಲಿಯ ಬದುಕು ಮಗ್ಗ ಮತ್ತು ಬೆಲ್ಲ. ಹತ್ತಿಯ ಧೂಳಿನ ಕಾಯಿಲೆಗೆ 1877ರಲ್ಲಿ ‘ಬಿಸಿನೋಸಿಸ್’ ಎಂದು ಹೆಸರಿಟ್ಟವರು ಫ್ರಾನ್ಸಿನ ವೈದ್ಯ ಆಡ್ರಿಯನ್ ಪ್ರೂಸ್ಟ್. ಅವರ ಮಗ, ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್, ಒಂಬತ್ತನೇ ವಯಸ್ಸಿನಿಂದಲೂ ಅಸ್ತಮಾ ರೋಗಿ. ಪರಾಗಕ್ಕೆ ಹೆದರಿ ಅವರು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಕಂಡಿಕೆ ಸುತ್ತುವ ನಮ್ಮ ಹೆಣ್ಣುಮಗಳು ಯಾವ ಕಿಟಕಿ ಮುಚ್ಚಬೇಕು? ಧೂಳು ಇರುವುದೇ ಅವಳ ಮನೆಯೊಳಗೆ. ಬಿಸಿನೋಸಿಸ್ ಅಲರ್ಜಿಯಲ್ಲ, ನಿಜ. ಅದು ನೂಲಿನ ಗಿರಣಿಗಳಲ್ಲಿಯೇ ಹೆಚ್ಚು, ನೇಯುವಲ್ಲಿ ಕಡಿಮೆ. ಆದರೆ ಮೊದಲೇ ಅಸ್ತಮಾ ಇರುವವರನ್ನು ಕೆಣಕಲು ಅಷ್ಟು ಧೂಳೇ ಸಾಕು.

ಕಬ್ಬಿನ ಸಿಪ್ಪೆಯದು ಬೇರೆ ಕಥೆ. ಹಸಿಯಿದ್ದಾಗ ಅದರಿಂದ ಅಪಾಯವಿಲ್ಲ. ಬೂಷ್ಟು ಹಿಡಿದ ಹಳೆಯ ರಾಶಿಯನ್ನು ಕೆದಕಿದಾಗ ಏಳುವ ಧೂಳು ಶ್ವಾಸಕೋಶದ ಆಳದಲ್ಲಿ ಅಲರ್ಜಿ ಎಬ್ಬಿಸುತ್ತದೆ. ಇದರ ಹೆಸರು ಬಗಾಸೋಸಿಸ್. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ರೋಗಪಟ್ಟಿಗೆ ಮುಂದೆ ಈ ಎರಡೂ ಕಾಯಿಲೆಗಳು ಸೇರಿದವು. ಆದರೆ ಪರಿಹಾರ ಕೇಳಲು ಮಾಲೀಕನೊಬ್ಬ ಇರಬೇಕಲ್ಲ! ಪಡಸಾಲೆಯಲ್ಲಿ ಕಂಡಿಕೆ ಸುತ್ತುವವಳ ಹೆಸರು ಯಾರ ಹಾಜರಿ ಪುಸ್ತಕದಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಅಸ್ತಮಾದಿಂದ ಸತ್ತವರು ಸುಮಾರು 4.55 ಲಕ್ಷ ಮಂದಿ. ಹೆಚ್ಚಿನವರು ಬಡ ದೇಶಗಳವರು. ಅಲ್ಲಿ ಇನ್‌ಹೇಲರ್ ಎಲ್ಲರ ಕೈಗೆಟಕುವುದಿಲ್ಲ. ಎಟಕಿದರೂ, ಮದುವೆಯ ಮಾತುಕತೆ ನಡೆದಿರುವ ಮನೆಗಳಲ್ಲಿ ಹುಡುಗಿಯ ‘ಪಂಪ’ನ್ನು ಬಚ್ಚಿಡುವುದನ್ನು ನಾವು ಕಂಡಿದ್ದೇವೆ.